ಎಡಗಡೆಯ ಮೂರನೇ ಕಿಟಕಿ

ಸೆಪ್ಟೆಂಬರ್ 9, ಸೋಮವಾರ

ಸಂಜೆ ಆರು ಗಂಟೆ. ಬೆಳಿಗ್ಗೆ ಹೆರಿಂಗ್ ಮೀನಿನ ಬಲೆಯ ಹರಕು ಹೊಲಿದೆ. ಮಧ್ಯಾಹ್ನ ರೊಟ್ಟಿಯ ಮೇಲೆ ಕಂದು ಚೀಸ್ ಇಟ್ಟುಕೊಂಡು ಬಲೆ ಅಟ್ಟದಲ್ಲಿ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ನನ್ನ ಕೆಲಸದ ಮನೆಯಲ್ಲಿ, ನಿಂತೇ ತಿಂದೆ. ನಾಲ್ಕಕ್ಕೆ ಆರೈಕೆ ಮನೆಯಿಂದ ಫೋನ್ ಬಂತು, ಸಿವರ್ಟ್ ಕರೆಯುತ್ತಿದ್ದಾನೆ ಎಂದು.

ಸಿವರ್ಟ್ ಎಲ್ಡ್ರಿಡ್‌ಳ ಅಪ್ಪ. ಎಂಬತ್ತೊಂಬತ್ತು ವರ್ಷ. ಮಾರ್ಚಿನಲ್ಲಿ ನನ್ನ ಹೆಂಡತಿ ಎಲ್ಡ್ರಿಡ್ ತೀರಿಕೊಂಡಮೇಲೆ ಅವನೂ ನಾನೂ ಎದುರುಬದುರು ಕೂತು ಕಾಫಿ ಕುಡಿದದ್ದು ಎರಡೇ ಸಲ. ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಕಿಟಕಿಯ ಬಳಿ ಕೂತಿದ್ದ. ಮಡಿಲಲ್ಲಿ ಎಲ್ಡ್ರಿಡ್‌ಳ ನೀಲಿ ನೋಟುಪುಸ್ತಕ. ತಾನು ಆಸ್ಪತ್ರೆಯಲ್ಲಿದ್ದಾಗ ಅವಳೇ ಅವನಿಗೆ ಕೊಟ್ಟಿದ್ದಳಂತೆ. ನನಗೆ ಗೊತ್ತಿರಲಿಲ್ಲ.

ಅದರ ತುಂಬ ಹಡಗುಗಳು. ಅಪ್ಪನನ್ನು ಒಮ್ಮೆ ವಿಹಾರ ಹಡಗಿನಲ್ಲಿ ಗ್ರೋಹೋಲ್ಮದ ಎದುರಿಗೆ ಕರೆದೊಯ್ಯಬೇಕೆಂದು ಅವಳು ಒಂದು ವರ್ಷ ಲೆಕ್ಕ ಹಾಕಿದ್ದಳು. ಗ್ರೋಹೋಲ್ಮ ಹೊರಗಡಲಿನ ಬಂಡೆ. ಅಲ್ಲಿನ ದೀಪಸ್ತಂಭವನ್ನು ಸಿವರ್ಟ್ ಮೂವತ್ತೇಳು ವರ್ಷ ಕಾದ. ಎಲ್ಡ್ರಿಡ್ ನಡೆಯಲು ಕಲಿತದ್ದು ಅದರ ಅಂಗಳದಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು. ಆದರೆ ಸಿವರ್ಟನ ಮುಖಕ್ಕೆ ತಣ್ಣನೆ ಗಾಳಿ ಬಡಿದರೆ ಉಸಿರು ಕಟ್ಟುತ್ತದೆ. ಮೇ ತಿಂಗಳಲ್ಲಿ ಹತ್ತು ನಿಮಿಷ ಜಗಲಿಯಲ್ಲಿ ಕೂತಿದ್ದಕ್ಕೆ ಎರಡು ವಾರ ಆಸ್ಪತ್ರೆ. ಹಾಗಾಗಿ ಅವಳ ಪ್ರಶ್ನೆಗಳೆಲ್ಲ ಒಳಗಿನ ಜಾಗದವು. ಗಾಜು ನೆಲದವರೆಗೆ ಇದೆಯಾ? ಬಾಗಿಲು ತೆರೆದಾಗ ಗಾಳಿ ನುಗ್ಗುತ್ತದಾ? ಕುರ್ಚಿಯ ಪಕ್ಕ ಯಂತ್ರಕ್ಕೆ ಪ್ಲಗ್ ಇದೆಯಾ? ಹವ್‌ಸುಲಾ ಎಂಬ ಹಡಗಿಗೆ ಎರಡು ಗೆರೆ ಎಳೆದು ಮೆಚ್ಚಿಗೆ. ಟೆರ್ನಾ ಎಂಬುದನ್ನು ಹೊಡೆದು ಹಾಕಿದ್ದಾಳೆ: "ಚಿಕ್ಕದು, ಹಳೆಯದು. ಒಳಗೆ ಕೂತು ನೋಡಲು ಜಾಗವಿಲ್ಲ. ಅಪ್ಪನಿಗೆ ಬೇಡ."

"ಅವಳು ಬಿಟ್ಟಲ್ಲಿಂದ ನೀನು ಮಾಡು," ಅಂದ ಸಿವರ್ಟ್. "ಹಡಗು ಆರಿಸೋದಕ್ಕೆ ಈಜು ಬರಬೇಕು ಅಂತೇನಿಲ್ಲ."

ಬಂಡೆ ಇನ್ನೊಮ್ಮೆ ನೋಡುವ ಆಸೆಯೇ ಎಂದು ಕೇಳಿದೆ.

"ಬಂಡೆ ಕಟ್ಕೊಂಡು ನನಗೇನಾಗ್ಬೇಕು? ನೀನು ಅವಳ ಬೂದಿ ಬಿಟ್ಟ ನೀರು ನೋಡ್ಬೇಕು. ಅಷ್ಟೇ."

ಆಗಲಿ ಅಂದೆ. ಪುಸ್ತಕದಲ್ಲಿ ಅರ್ಧದಷ್ಟು ಹಾಳೆಗಳು ಖಾಲಿ ಇವೆ. ಅಲ್ಲಿಂದ ನಾನು ಬರೆಯುತ್ತಿದ್ದೇನೆ. ನಾಳೆ ಟಿಕೆಟ್ ಕಚೇರಿ ಹತ್ತಕ್ಕೆ ತೆರೆಯುತ್ತದೆ.

ಸೆಪ್ಟೆಂಬರ್ 10, ಮಂಗಳವಾರ

ಹವ್‌ಸುಲಾ ಅಕ್ಟೋಬರ್ ಐದರಂದು ನಮ್ಮ ಧಕ್ಕೆಗೆ ಬರುತ್ತದೆ. ಮಧ್ಯಾಹ್ನ ಹೊರಟು, ಒಂದೂ ಇಪ್ಪತ್ತಕ್ಕೆ ಗ್ರೋಹೋಲ್ಮದ ಉತ್ತರಕ್ಕೆ ಹಾಯುತ್ತದೆ. ಇಬ್ಬರಿಗೆ ಕ್ಯಾಬಿನ್ ಹಿಡಿದಿಟ್ಟರು.

ನಾನು ಕೇಳಿರಲಿಲ್ಲ, ಕಚೇರಿಯ ಹುಡುಗಿ ಅವಳಾಗಿಯೇ ಹೇಳಿದಳು: ಹವ್‌ಸುಲಾ ದೊಡ್ಡದು, ಟ್ರಾಂಗ್ ಓಣಿಯೊಳಗೆ ತೂರುವುದಿಲ್ಲ, ದ್ವೀಪಗಳ ನಡುವಿನ ಆ ಕಿರಿದಾದ ನೀರಿನಲ್ಲಿ ಹೋಗಬೇಕಾದರೆ ಟೆರ್ನಾ ಇದೆ, ಅಕ್ಟೋಬರ್ ಹನ್ನೆರಡನೇ ತಾರೀಖು, ಈ ವರ್ಷದ ಕೊನೆಯ ಸುತ್ತು.

ಬೇಡ ಅಂದೆ. ಸಹಿ ಎರಡು ಸಲ ಮಾಡಬೇಕಾಯಿತು.

ಸೆಪ್ಟೆಂಬರ್ 14, ಶನಿವಾರ

ಈ ಪುಸ್ತಕವನ್ನು ಬೇರೆ ಯಾರೂ ಓದುವುದಿಲ್ಲ. ಹಾಗಾದರೆ ಬರೆಯಬಹುದು.

ಮೇ ಹದಿನಾಲ್ಕು. ಎಲ್ಡ್ರಿಡ್‌ಳ ಬೂದಿಯನ್ನು ಕಡಲಿಗೆ ಬಿಡಲು ಸರ್ಕಾರದ ಅನುಮತಿ ಪತ್ರ ಬಂದಿತ್ತು, ಜೊತೆಗೆ ನಕ್ಷೆ. ಗ್ರೋಹೋಲ್ಮದ ಉತ್ತರಕ್ಕೆ ಕೆಂಪು ಸುತ್ತು. ಅದು ಸಾಯುವ ಮೊದಲು ಅರ್ಜಿಯ ಜೊತೆ ಅವಳೇ ಹಾಕಿ ಕಳಿಸಿದ್ದ ಸುತ್ತು. ಸಿವರ್ಟ್ ಆಸ್ಪತ್ರೆಯಲ್ಲಿದ್ದ. ಪಕ್ಕದ ಮನೆಯವರ ದೋಣಿ ತೆಗೆದುಕೊಂಡು ಒಬ್ಬನೇ ಹೋದೆ. ಯಾರಾದರೂ ಜೊತೆಗೆ ಬರುತ್ತೇವೆ ಅಂದಾಗ ಬೇಡ ಅಂದಿದ್ದೆ. ನಾನು ಹೆದರುವುದನ್ನು ಯಾರೂ ನೋಡುವುದು ಬೇಕಿರಲಿಲ್ಲ.

ಟ್ರಾಂಗ್ ದಾಟಿ ಓಣಿಯ ಬಾಯಿಗೆ ಬಂದಾಗ ಹೊರಗಡಲಿನ ಅಲೆ ದೋಣಿಯನ್ನು ಎತ್ತಿತು. ಮತ್ತೊಮ್ಮೆ ಎತ್ತಿತು. ದೊಡ್ಡ ಗಾಳಿಯೇನಲ್ಲ. ಆ ದಿನವೂ ಬೇರೆಯವರು ಮೀನಿಗೆ ಹೋಗಿದ್ದರು, ದೂರದಲ್ಲಿ ಕಾಣುತ್ತಿದ್ದರು. ನನ್ನ ಕೈ ದೋಣಿಯನ್ನು ತಿರುಗಿಸಿತು. ಓಣಿಯೊಳಗೆ ವಾಪಸು ಬಂದು, ಬಿಳಿ ಬಣ್ಣ ಬಳಿದ ಗುರುತಿನ ಬಂಡೆಯ ಪಕ್ಕ ಎಂಜಿನ್ ನಿಲ್ಲಿಸಿ ಅವಳನ್ನು ಅಲ್ಲೇ ಬಿಟ್ಟೆ.

ಸಂಜೆ ಆಸ್ಪತ್ರೆಯಲ್ಲಿ ಸಿವರ್ಟ್ ಕೇಳಿದ, ಎಲ್ಲಿ ಎಂದು. ಬಂಡೆಯ ಉತ್ತರಕ್ಕೆ ಅಂದೆ. ಅವನು ನನ್ನ ಕೈ ಹಿಡಿದುಕೊಂಡ. ನಲವತ್ತೊಂದು ವರ್ಷದಲ್ಲಿ ಅದೊಂದೇ ಸಲ.

ಆ ನಕ್ಷೆ ಈಗ ಅವನ ಹಾಸಿಗೆಯ ಮೇಲಿನ ಗೋಡೆಯಲ್ಲಿದೆ.

ಸೆಪ್ಟೆಂಬರ್ 17, ಮಂಗಳವಾರ

ಯೋರುನ್ ಬಂದಿದ್ದಳು, ಎಲ್ಡ್ರಿಡ್‌ಳ ಚಿಕ್ಕಪ್ಪನ ಮಗಳು. ಹಡಗುಗಳಲ್ಲಿ ಕ್ಯಾಬಿನ್ ಗುಡಿಸಿ ಒರೆಸುವ ಕೆಲಸ, ಎರಡೂ ಹಡಗುಗಳಲ್ಲಿ ದುಡಿದಿದ್ದಾಳೆ. ದೋಸೆಯಂಥ ವಾಫಲ್ ಮಾಡಿ ತಂದಿದ್ದಳು. ಮೇಜಿನ ಬಳಿ ಕೂತು ತಿಂದೆ, ಅವಳು ನಿಂತು ತಿನ್ನಲು ಬಿಡಲಿಲ್ಲ.

ಹಡಗಿನ ಜಾಹೀರಾತಿನ ಚಿತ್ರದ ಪುಸ್ತಕದಲ್ಲಿ ಗಾಜಿನ ಲೌಂಜು ಯಾವಾಗಲೂ ಖಾಲಿ ಇರುತ್ತದೆ, ನಂಬಬೇಡ ಎಂದಳು. ಹವ್‌ಸುಲಾದಲ್ಲಿ ಬೆಳಿಗ್ಗೆ ಆರಕ್ಕೇ ನಿವೃತ್ತ ಮೇಷ್ಟ್ರುಗಳು ಮುಂದಿನ ಸಾಲಿನ ಕುರ್ಚಿಗಳ ಮೇಲೆ ಹೆಣಿಗೆಯ ಉಣ್ಣೆ ಉಂಡೆ ಇಟ್ಟು ತಿಂಡಿಗೆ ಹೋಗುತ್ತಾರಂತೆ.

"ನಾನು ಉಂಡೆ ಎತ್ತಿ ಪಕ್ಕಕ್ಕಿಟ್ಟು ಒರೆಸ್ತೀನಿ. ಆಮೇಲೆ ಯಾವ ಉಂಡೆ ಯಾವ ಕುರ್ಚೀದು ಅಂತ ಅವರವರೇ ಜಗಳ ಆಡ್ಕೊಳ್ಳಲಿ."

ಅವಳು ಹೇಳಿದ್ದರಲ್ಲಿ ಕೆಲವು ಬರೆದುಕೊಂಡೆ. ಮುಂದಿನ ಗಾಜಿಗೆ ಉಪ್ಪು ಕಟ್ಟುತ್ತದೆ, ಪಕ್ಕದ ಗಾಜಿಗೆ ಕಡಿಮೆ. ಒಳಗೆ ದೀಪ ಉರಿದರೆ ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತದೆ, ಕಡಲಲ್ಲ.

ಟೆರ್ನಾ ಬಗ್ಗೆ ಸುಮ್ಮನೆ ಕೇಳಿದೆ. ಎಲ್ಡ್ರಿಡ್ ಬೇಡ ಅಂದಿದ್ದಳಲ್ಲ ಎಂದಳು. ಇನ್ನೊಂದು ವಾಫಲ್ ನನ್ನ ತಟ್ಟೆಗೆ ಹಾಕಿ, ಮೊದಲು ಸಿಗರೇಟು ಸೇದುವ ಕೋಣೆ ಅಂತ ಒಂದಿತ್ತು, ಎಡಗಡೆ ಮೆಟ್ಟಿಲ ಹಿಂದೆ ಎಂದಳು. ಈಗ ಹಳೇ ಇಸ್ಪೀಟು ಕಟ್ಟು ಇಡುತ್ತಾರೆ. ಮೂರು ತಗ್ಗು ಕಿಟಕಿ. ಚಿತ್ರದ ಪುಸ್ತಕದಲ್ಲಿ ಇಲ್ಲ, ಹಾಗಾಗಿ ಯಾರೂ ಹೋಗುವುದಿಲ್ಲ.

"ಯಾಕೆ ಕೇಳ್ತಿದ್ದೀಯ ತೂರಾಲ್ಫ್?"

ಸುಮ್ಮನೆ ಅಂದೆ.

ಸೆಪ್ಟೆಂಬರ್ 22, ಭಾನುವಾರ

ಸಿವರ್ಟನ ಅಳತೆ ತೆಗೆದುಕೊಂಡೆ. ಕೂತಾಗ ನೆಲದಿಂದ ಕಣ್ಣಿನವರೆಗೆ ಒಂದು ಮೀಟರ್ ಹನ್ನೆರಡು ಸೆಂಟಿಮೀಟರ್. ಟೇಪು ಹಿಡಿದು ಮಂಡಿಯೂರಿದ್ದಾಗ ಅವನು ಮೇಲಿನಿಂದ ನೋಡುತ್ತಿದ್ದ.

"ಪೆಟ್ಟಿಗೆ ಮಾಡ್ಸೋದಾದ್ರೆ ಮಲಗಿಸಿ ಅಳೀಬೇಕು ಕಣೋ. ಕೂರಿಸಿ ಹೂಳ್ತೀಯಾ ನನ್ನ?"

ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನರ್ಸ್ ಬಂದು ಯಂತ್ರದ ಗುಂಡಿ ತಿರುಗಿಸಿದಳು. ತುಟಿ ನೀಲಿಯಾಗಿತ್ತು. ಮತ್ತೆ ಉಸಿರು ಸಿಗಲು ಹನ್ನೊಂದು ನಿಮಿಷ ಬೇಕಾಯಿತು. ಅಷ್ಟೂ ಹೊತ್ತು ನನ್ನ ಕಣ್ಣು ಗೋಡೆಯ ಕೆಂಪು ಸುತ್ತಿನ ಮೇಲೇ ಇತ್ತು.

ಸೆಪ್ಟೆಂಬರ್ 26, ಗುರುವಾರ

ಹವ್‌ಸುಲಾ ಇವತ್ತು ಧಕ್ಕೆಗೆ ಬಂದಿತ್ತು. ಯೋರುನ್ ಹೇಳಿಸಿ ನನ್ನನ್ನು ಒಳಗೆ ಬಿಡಿಸಿದಳು. ಲೌಂಜು ಚರ್ಚಿನಷ್ಟು ಎತ್ತರ, ಮೂರು ಕಡೆ ಗಾಜು. ಪ್ಲಗ್ ಇದೆ. ಬಾಗಿಲು ಎರಡು, ನಡುವೆ ಬೆಚ್ಚನೆಯ ಕೋಣೆ, ಗಾಳಿ ನುಗ್ಗುವುದಿಲ್ಲ. ಎಲ್ಡ್ರಿಡ್ ಕೇಳಿದ್ದ ಎಲ್ಲ ಪ್ರಶ್ನೆಗೂ ಹೌದು ಎಂದೇ ಉತ್ತರ.

ಒಂದೇ ಕೊರತೆ. ಗಾಜಿನ ಒಳಗಡೆ ಕೈಹಿಡಿಕೆಯ ಸರಳು ಒಂದು ಮೀಟರ್ ಹತ್ತರ ಎತ್ತರದಲ್ಲಿ ಉದ್ದಕ್ಕೂ ಹಾದಿದೆ. ಸರಿಯಾಗಿ ಕಣ್ಣಿಗೆ ಅಡ್ಡ. ನನಗೆ ಸಮಾಧಾನವಾಯಿತು. ಅದನ್ನೇ ನೆಪ ಮಾಡಿಕೊಂಡು ನೇರ ಆರೈಕೆ ಮನೆಗೆ ಹೋದೆ.

"ಎರಡು ದಿಂಬು ಹಾಕು," ಅಂದ ಸಿವರ್ಟ್.

ಜನ ಜಾಸ್ತಿ ಅಂದೆ. ಹೊರಗಡಲಲ್ಲಿ ಹಡಗು ತೂಗುತ್ತದೆ, ಟೆರ್ನಾ ಆದರೆ ಒಳಗಿನ ನೀರಿನಲ್ಲೇ ಹೋಗುತ್ತದೆ ಅಂದೆ. ಅವನು ಮೂಗಿನ ಕೊಳವೆ ಸರಿಮಾಡಿಕೊಂಡು ನನ್ನತ್ತ ತಿರುಗಿದ.

"ಹೆದರಿಕೆ ತಾನೇ ನಿಂಗೆ? ನನ್ನ ಮೇಲೆ ಯಾಕೆ ಹಾಕ್ತೀಯ? ಕಾಲು ಒದ್ದೆಯಾಗುತ್ತೆ ಅಂತ ಕಡಲು ಬೇಡ ಅಂದೋನು ನೀನು. ಅವಳು ಅದು ಹೇಗೆ ನಿನ್ನ ಕಟ್ಕೊಂಡ್ಳೋ."

ಹೌದು, ಹೆದರಿಕೆ ಅಂದೆ. ಅದು ಸುಳ್ಳಲ್ಲ. ಅಲ್ಲಿಗೇ ಬಿಟ್ಟೆ.

ಸೆಪ್ಟೆಂಬರ್ 30, ಸೋಮವಾರ

ಟೆರ್ನಾ ಬಂದಿತ್ತು. ಹೋದೆ. ಮೆಟ್ಟಿಲ ಹಿಂದಿನ ಕೋಣೆಯಲ್ಲಿ ಇನ್ನೂ ಹಳೆಯ ಹೊಗೆಸೊಪ್ಪಿನ ವಾಸನೆ. ಕಿಟಕಿಯ ಅಂಚು ನೆಲದಿಂದ ಎಪ್ಪತ್ತೆಂಟು ಸೆಂಟಿಮೀಟರ್. ಮೊದಲ ಕಿಟಕಿಗೆ ಜೀವರಕ್ಷಕ ದೋಣಿ ಅಡ್ಡ. ಎರಡನೆಯದರ ಗಾಜಿನಲ್ಲಿ ಬಿರುಕು. ಮೂರನೆಯದು ಸ್ವಚ್ಛ. ಅದರ ಕೆಳಗೇ ಪ್ಲಗ್, ಬಿಸಿನೀರಿನ ಕೊಳವೆ. ದೀಪದ ಗುಂಡಿ ಬಾಗಿಲ ಹಿಂದೆ.

ಯಾಕೆ ಅಳೆದೆನೋ. ಕ್ಯಾಬಿನ್ ಹಿಡಿದದ್ದು ಇನ್ನೊಂದು ಹಡಗಿನಲ್ಲಿ.

ಅಕ್ಟೋಬರ್ 2, ಬುಧವಾರ

ಡಾಕ್ಟರ್ ಕರೆದಿದ್ದರು. ಸಿವರ್ಟ್ ಹಡಗು ಹತ್ತಬಹುದೆಂಬ ಕಾಗದಕ್ಕೆ ಸಹಿ ಹಾಕಿಕೊಟ್ಟರು, ಆದರೆ ಒಂದು ಪ್ರಯಾಣಕ್ಕೆ ಮಾತ್ರ. ಈ ತಿಂಗಳು ದಾಟಿದರೆ ಅದಕ್ಕೂ ಇಲ್ಲ. ಎರಡನೆಯದನ್ನು ಯೋಚಿಸಲೇಬೇಡಿ ಎಂದರು.

ನಾನು ಅದನ್ನೇ ಯೋಚಿಸಿದ್ದೆ. ಮೊದಲು ಅದು, ಆಮೇಲೆ ಇದು, ಎರಡೂ ತೋರಿಸಿದರೆ ಯಾವುದಾದರೂ ಒಂದು ಸರಿಯಾಗಿರುತ್ತದೆ ಎಂದು. ಟ್ರಾಂಗಿಗೆ ರಸ್ತೆ ಇಲ್ಲ. ತೆರೆದ ದೋಣಿಯಲ್ಲಿ ಅವನನ್ನು ಒಯ್ಯಲಾಗುವುದಿಲ್ಲ.

ಸಿವರ್ಟ್ ಬೂಟಿಗೆ ಪಾಲಿಶ್ ಹಾಕಿಸಿಕೊಂಡು ಕೂತಿದ್ದ. ಕಾವಲಿನ ಕಾಲದ ಕಪ್ಪು ಟೋಪಿ ಹಾಸಿಗೆಯ ಮೇಲಿತ್ತು.

ಅಕ್ಟೋಬರ್ 3, ಗುರುವಾರ

ಹೇಳಿದೆ.

ಮಧ್ಯಾಹ್ನ ಊಟದ ತಟ್ಟೆ ಒಯ್ದ ಮೇಲೆ. ಅವನು ಗೋಡೆಯ ನಕ್ಷೆ ಕಿತ್ತು ಜೊತೆಗೆ ಒಯ್ಯಬೇಕೆಂದ, ನೀನೇ ತೆಗಿ ಅಂದ. ನಾನು ಪಿನ್ ತೆಗೆದೆ. ಕಾಗದ ಕೈಯಲ್ಲಿತ್ತು. ಕೆಂಪು ಸುತ್ತಿನ ಮೇಲಲ್ಲ, ಟ್ರಾಂಗಿನ ಗುರುತಿನ ಬಂಡೆಯ ಮೇಲೆ ಬೆರಳಿಟ್ಟೆ. ಇಲ್ಲಿ ಅಂದೆ. ಅಲ್ಲಿ ಅಲ್ಲ, ಇಲ್ಲಿ. ನಾನು ಹೊರಗೆ ಹೋಗಲೇ ಇಲ್ಲ.

ಅವನಿಗೆ ಅರ್ಥವಾಗಲು ಹೊತ್ತು ಬೇಕಾಯಿತು. ಯಂತ್ರ ಒಂದೇ ಸಮನೆ ಉಸಿರು ಬಿಡುತ್ತಿತ್ತು.

"ನಾನು ನಿನ್ನ ಕೈ ಹಿಡ್ಕೊಂಡೆ," ಅಂದ.

ಹೌದು ಅಂದೆ.

"ಐದು ತಿಂಗಳು. ದಿನಾ ಬೆಳಿಗ್ಗೆ ಆ ಸುತ್ತು ನೋಡಿ ಅವಳಿಗೆ ಗಾಳಿ ಎಷ್ಟಿದೆ ಅಂತ ಹೇಳ್ತಿದ್ದೆ. ಅಲ್ಲಿ ಯಾರೂ ಇರ್ಲಿಲ್ಲ."

ಕ್ಷಮಿಸಿ ಮಾವ ಅಂದೆ. ಹೊರಗೆ ಹೋಗು ಅಂದ. ದನಿ ಎತ್ತಲಿಲ್ಲ, ಎತ್ತುವಷ್ಟು ಉಸಿರಿಲ್ಲ. ಬಾಗಿಲಲ್ಲಿ ನಿಂತು, ಶನಿವಾರದ ಹಡಗು ಏನು ಮಾಡಲಿ ಎಂದು ಕೇಳಿದೆ.

"ಖಾಲಿ ನೀರು ನೋಡೋಕೆ ಕಿಟಕಿ ಯಾಕೆ?"

ಕಚೇರಿಗೆ ಹೋಗಿ ಹವ್‌ಸುಲಾ ಬೇಡವೆಂದು ಬರೆದುಕೊಟ್ಟೆ. ಟೆರ್ನಾದಲ್ಲಿ ಒಂದು ಕ್ಯಾಬಿನ್ ಹಿಡಿದೆ. ಅದನ್ನು ಯಾರಿಗೂ ಹೇಳಿಲ್ಲ.

ಅಕ್ಟೋಬರ್ 5, ಶನಿವಾರ

ಬಲೆ ಅಟ್ಟದಿಂದ ಹವ್‌ಸುಲಾ ಹೋಗುವುದು ಕಂಡಿತು. ಆರೈಕೆ ಮನೆಯ ಕಿಟಕಿಯಿಂದಲೂ ಕಂಡಿರುತ್ತದೆ.

ಅಕ್ಟೋಬರ್ 7, ಸೋಮವಾರ

ನಿನ್ನೆ ಹೋದೆ, ಮಲಗಿದ್ದಾರೆ ಅಂದರು. ಇವತ್ತು ಹೋದೆ, ಮಲಗಿದ್ದಾರೆ ಅಂದರು. ಬಾಗಿಲ ಸಂದಿಯಿಂದ ಕಂಡಿತು, ಕೂತೇ ಇದ್ದರು.

ಕ್ಯಾಬಿನ್ ಬುಧವಾರ ಮಧ್ಯಾಹ್ನದವರೆಗೆ ಮಾತ್ರ ಹಿಡಿದಿಡುತ್ತಾರೆ. ಇಬ್ಬರು ಕಾಯುತ್ತಿದ್ದಾರಂತೆ.

ಅಕ್ಟೋಬರ್ 8, ಮಂಗಳವಾರ

ನರ್ಸ್ ಫೋನ್ ಮಾಡಿದಳು. ಮಾವ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲವಂತೆ, ಉಸಿರಿನ ಅಂಕಿ ಇಳಿದಿದೆಯಂತೆ. ಬರಲೇ ಎಂದು ಕೇಳಿದೆ. ನಿಮ್ಮ ಹೆಸರು ಎತ್ತಿದರೆ ಮುಖ ತಿರುಗಿಸುತ್ತಾರೆ, ಬೇಡ ಎಂದಳು.

ಇವತ್ತು ಬಲೆಗೆ ಹಾಕಿದ ಗಂಟುಗಳಲ್ಲಿ ಅರ್ಧ ಬಿಚ್ಚಿ ಮತ್ತೆ ಹಾಕಿದೆ. ಎಲ್ಡ್ರಿಡ್ ಇದ್ದಿದ್ದರೆ ಇಬ್ಬರಿಗೂ ಬೈಯುತ್ತಿದ್ದಳು, ಮೊದಲು ನನಗೆ. ಅವಳ ಕೋಟು ಇನ್ನೂ ಬಾಗಿಲ ಗೂಟದಲ್ಲಿದೆ. ಅದನ್ನು ತೆಗೆದು ಮಡಚಿಟ್ಟೆ. ಮಾವನಿಗೆ ಕಾಲಮೇಲೆ ಹೊದಿಸಲು ಆಗುತ್ತದೆ.

ಅಕ್ಟೋಬರ್ 9, ಬುಧವಾರ

ಬೆಳಿಗ್ಗೆ ಏಳೂವರೆಗೆ ಫೋನ್. ಮಾವನೇ.

"ಎಷ್ಟು ಗಂಟೇಲಿ ಅವಳನ್ನ ಬಿಟ್ಟೆ?"

ಹನ್ನೊಂದೂವರೆ ಅಂದೆ. ದ್ವೀಪದ ಪ್ರಯಾಣಿಕರ ದೋಣಿ ಆಗಷ್ಟೇ ಹಾದಿತ್ತು, ಅದರ ಅಲೆ ತಗ್ಗಲಿ ಎಂದು ಕಾದಿದ್ದೆ.

"ಸರಿಯಾಗಿ ಹೇಳು."

ಹನ್ನೊಂದೂ ಮೂವತ್ತೈದು.

ಫೋನ್ ಇಟ್ಟರು. ಕಚೇರಿಯವರು ಹನ್ನೆರಡರವರೆಗೆ ಅಂದಿದ್ದರು. ಕೆಲಸಕ್ಕೆ ಕೂತೆ, ಸೂಜಿ ಎರಡು ಸಲ ಬೆರಳಿಗೆ ಹೊಕ್ಕಿತು. ಹತ್ತೂವರೆಗೆ ತಡೆಯಲಾಗದೆ ಹೋದೆ. ಈ ಸಲ ಮಲಗಿದ್ದಾರೆ ಎಂದು ಯಾರೂ ಅನ್ನಲಿಲ್ಲ.

ಮಾವನ ಮಡಿಲಲ್ಲಿ ಈ ವರ್ಷದ ಉಬ್ಬರ ಇಳಿತದ ಪಟ್ಟಿ. ಕೆಲಸ ಬಿಟ್ಟು ಮೂವತ್ತು ವರ್ಷವಾದರೂ ಪ್ರತಿ ಜನವರಿ ತರಿಸಿಕೊಳ್ಳುತ್ತಾರೆ. ಮೇ ಪುಟದಲ್ಲಿ ಉಗುರಿನ ಗೀರು. ಬಹಳ ಸಣ್ಣಗಾಗಿದ್ದಾರೆ. ಕೂರಲು ಹೇಳಲಿಲ್ಲ. ನಾನು ನಿಂತೆ.

"ಉಬ್ಬರ ಒಂಬತ್ತಕ್ಕೆ ಶುರುವಾಗಿತ್ತು," ಅಂದರು. ಪ್ರತಿ ಮಾತಿಗೂ ನಡುವೆ ಉಸಿರು ತೆಗೆದುಕೊಳ್ಳಬೇಕು. "ಆ ಹೊತ್ತಿಗೆ ಟ್ರಾಂಗಲ್ಲಿ ನೀರು ಜೋರಾಗಿ ಒಳಕ್ಕೆ ಎಳೀತಿರುತ್ತೆ. ಹೊರಕ್ಕಲ್ಲ. ನೀನು ಅವಳನ್ನ ನನ್ನ ಬಂಡೆ ಕಡೆಗೆ ಬಿಡ್ಲೇ ಇಲ್ಲ."

ಅವರ ಉಗುರು ಪಟ್ಟಿಯ ಮುಂದಿನ ಸಾಲಿಗೆ ಇಳಿಯಿತು.

"ಎಳೀತಾ ಬಂದು ಬಂದರು ಸುತ್ತಿ, ಎರಡು ಗಂಟೆ ಹೊತ್ತಿಗೆ ನಿನ್ನ ಬಲೆ ಅಟ್ಟದ ಕಂಬದ ಕೆಳಗೆ. ಅಲ್ಲಿ ಸುಳಿ ಇದೆ. ಏನು ಬಿದ್ರೂ ಅಲ್ಲೇ ತಿರುಗುತ್ತೆ. ಆ ಹೊತ್ತಲ್ಲಿ ಎಲ್ಲಿದ್ದೆ ನೀನು?"

ಯೋಚಿಸಿದೆ. ದೋಣಿ ಕಟ್ಟಿ, ಮನೆಗೆ ಹೋಗಲಾಗದೆ, ಅಟ್ಟಕ್ಕೇ ಹೋಗಿದ್ದೆ. ಸಂಜೆಯವರೆಗೆ ಅಲ್ಲೇ ಕೂತಿದ್ದೆ. ಕೆಳಗೆ ನೀರು ಕಂಬಗಳಿಗೆ ಬಡಿಯುತ್ತಿತ್ತು. ಅದನ್ನು ಹೇಳಿದೆ.

ಮಾವ ಪಟ್ಟಿ ಮುಚ್ಚಿದರು.

"ಹಾಗಾದ್ರೆ ಅವಳು ನಿನ್ನ ಕಡೆಗೇ ಬಂದ್ಳು. ಯಾವಾಗ್ಲೂ ಹಂಗೇ. ನಾನು ಬೇಡ ಅಂದಾಗ್ಲೂ ನಿನ್ನ ಕಡೆಗೇ ಹೋದ್ಳು."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಹತ್ತು. ಕೇಳಲೋ ಬೇಡವೋ ಎಂದು ನಿಂತಿದ್ದೆ. ಅವರೇ ಕೇಳಿದರು.

"ಆ ಓಣಿ ಒಳಗೆ ಹೋಗೋ ಹಡಗು ಇದೆ ಅಂದಿದ್ಯಲ್ಲ. ಯಾವ ಕಡೆ ಕೂತ್ಕೋಬೇಕು?"

ಎಡಗಡೆ ಅಂದೆ. ಮೂರನೇ ಕಿಟಕಿ.

"ಸರಳು ಗಿರಳು?"

ಇಲ್ಲ ಅಂದೆ. ಅಂಚು ಎಪ್ಪತ್ತೆಂಟು, ನಿಮ್ಮ ಕಣ್ಣು ಒಂದು ಹನ್ನೆರಡು.

"ಅಳೆದಿದ್ದೀಯಾ ಆಗ್ಲೇ," ಅಂದು ಮುಖ ಕಿಟಕಿಯ ಕಡೆ ತಿರುಗಿಸಿದರು. "ಹೋಗು. ಕಚೇರಿ ಮುಚ್ತಾರೆ."

ಓಡಿದೆ. ಹನ್ನೊಂದೂ ನಲವತ್ತಕ್ಕೆ ಸಹಿ ಹಾಕಿದೆ.

ಅಕ್ಟೋಬರ್ 11, ಶುಕ್ರವಾರ

ಸಂಜೆ ಐದೂವರೆ. ಟೆರ್ನಾ ಹಡಗಿನಲ್ಲಿ ಕೂತು ಬರೆಯುತ್ತಿದ್ದೇನೆ. ಹಡಗು ಈ ರಾತ್ರಿ ನಮ್ಮ ಧಕ್ಕೆಯಲ್ಲೇ ತಂಗುತ್ತದೆ.

ಮಾವನನ್ನು ಗಾಲಿಕುರ್ಚಿಯಲ್ಲಿ, ಮುಖಕ್ಕೆ ಉಣ್ಣೆಯ ಬಟ್ಟೆ ಸುತ್ತಿ ಹತ್ತಿಸಿದೆವು. ಹಲಗೆಯ ಮೇಲೆ ಹನ್ನೆರಡು ಹೆಜ್ಜೆ. ಒಂಬತ್ತನೆಯದಕ್ಕೆ ಗಾಳಿ ಬಟ್ಟೆಯೊಳಗೆ ನುಗ್ಗಿತು. ಎದೆ ಎಳೆಯಿತು, ಕಣ್ಣು ಮೇಲೆ ಹೋಯಿತು. ಮುಂದೆ ಹಿಡಿದಿದ್ದ ಯೋರುನ್ ವಾಪಸು ಇಳಿಸೋಣವೇ ಎಂದಳು. ನಾನು ಕುರ್ಚಿಯನ್ನು ಒಳಕ್ಕೆ ತಳ್ಳಿದೆ. ಕೋಣೆಯ ಬಾಗಿಲು ಹಾಕಿ, ಯಂತ್ರ ಪ್ಲಗ್ಗಿಗೆ ಸಿಕ್ಕಿಸಿ, ಬಿಸಿನೀರಿನ ಕೊಳವೆಯ ಪಕ್ಕ ಕಿಟಕಿಗೆ ಮುಖ ಮಾಡಿ ಅವರನ್ನು ಕೂರಿಸಿದೆ. ಕೈ ಹಿಡಿದುಕೊಂಡು ಎಣಿಸಿದೆ. ಹದಿನಾಲ್ಕು ನಿಮಿಷ. ಆಮೇಲೆ ಕಣ್ಣು ಬಿಟ್ಟು ಸುತ್ತ ನೋಡಿದರು.

"ಯಾರದೋ ಸಿಗರೇಟಿನ ವಾಸನೆ," ಅಂದರು. "ಇಂಥಾ ಜಾಗಕ್ಕೆ ಕರ್ಕೊಂಡು ಬಂದಿದ್ದೀಯ, ನನ್ನ ಶ್ವಾಸಕೋಶ ನೋಡ್ಕೊಂಡು."

ಯೋರುನ್ ಜೋರಾಗಿ ನಕ್ಕಳು. ಬಿಸಿ ಮೀನಿನ ಸಾರು ತಂದುಕೊಟ್ಟು ಹೋದಳು. ಮಾವ ಅರ್ಧ ಬಟ್ಟಲು ಕುಡಿದರು, ಉಳಿದದ್ದು ನಾನು. ಬಾಗಿಲ ಹಿಂದಿನ ಗುಂಡಿ ಒತ್ತಿ ದೀಪ ಆರಿಸಿದೆ. ಗಾಜಿನಲ್ಲಿ ನಮ್ಮಿಬ್ಬರ ಮುಖ ಹೋಯಿತು, ಬಂದರಿನ ನೀರು ಕಂಡಿತು, ಅದರಾಚೆ ಬಲೆ ಅಟ್ಟದ ಕಂಬಗಳು. ಮಾವ ಅಲ್ಲೇ ನೋಡುತ್ತ ಇದ್ದರು. ಎಲ್ಡ್ರಿಡ್‌ಳ ಕೋಟು ಅವರ ಕಾಲಮೇಲಿದೆ.

ಹಡಗು ಸ್ವಲ್ಪ ತೂಗುತ್ತಿದೆ. ಬರೆಯುವುದಕ್ಕೇನೂ ತೊಂದರೆಯಿಲ್ಲ.

ಇಲ್ಲೇ ಕೂತು ನಿದ್ದೆ ಮಾಡುತ್ತೇನೆ, ಕ್ಯಾಬಿನ್ ಬೇಡ ಎಂದರು ಮಾವ. ನನಗೂ ಪಕ್ಕದಲ್ಲಿ ಕುರ್ಚಿ ಇದೆ. ಪುಸ್ತಕದಲ್ಲಿ ಎಲ್ಡ್ರಿಡ್ ಹೊಡೆದುಹಾಕಿದ್ದ ಸಾಲಿನ ಕೆಳಗೆ ಬರೆದೆ: ಒಳಗೆ ಕೂತು ನೋಡಲು ಜಾಗವಿದೆ, ಮೆಟ್ಟಿಲ ಹಿಂದೆ.

ನಾಳೆ ಎಂಟೂವರೆಗೆ ಹಡಗು ಬಿಡುತ್ತದೆ, ಒಂಬತ್ತೂ ಹತ್ತಕ್ಕೆ ಗುರುತಿನ ಬಂಡೆ.